ಹೆಜ್ಜಾರ್ಲೆ ಎಂದರೇನು

ಸ್ನೇಹಿತರೇ, ಬೆಳಿಗ್ಗೆ ಓದುತ್ತಿದ್ದ ಕಾದಂಬರಿಯಲ್ಲಿ ಒಂದು ಸಾಲು ಸಿಕ್ಕಿತು: "ಪಟೇಲರ ಗಂಟಲು ಹೆಜ್ಜಾರ್ಲೆಯದರಂತೆ ಜೋತುಬಿದ್ದಿತ್ತು." ಹೆಜ್ಜಾರ್ಲೆ ಎಂದರೇನೆಂದು ನನಗೆ ಗೊತ್ತಿರಲಿಲ್ಲ.

"ಅದೊಂದ್ ಪದ ಬುಟ್ಟು ಮುಂದಕ್ಕೆ ಓದು" ಎಂದರು ನಮ್ಮ ಯಜಮಾನರು.

ಪಟೇಲರ ಮುಖವೇ ಕಾಣದೆ ಮುಂದಕ್ಕೆ ಹೇಗೆ ಓದಲಿ? ಮೊಬೈಲಿನ ನಿಘಂಟು "ಒಂದು ದೊಡ್ಡ ಹಕ್ಕಿ" ಎಂದಷ್ಟೇ ಹೇಳಿ ಸುಮ್ಮನಾಯಿತು. ಕೊಕ್ಕರೆ ಬೆಳ್ಳೂರಿನಲ್ಲಿ ಇಲ್ಲದ ದೊಡ್ಡ ಹಕ್ಕಿ ಎಲ್ಲಿದೆ ಎಂದುಕೊಂಡು, ಪುಸ್ತಕದ ಸಮೇತ ಮದ್ದೂರಿನಲ್ಲಿ ಬಸ್ಸು ಹತ್ತಿದೆ.

ಬೆಳ್ಳೂರಿನಲ್ಲಿ ಇಳಿದು, ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ. ಅವರು ಹುಣಸೆಮರದತ್ತ ಕೈ ತೋರಿಸಿದರು.

"ಅಗೋ, ಎಜ್ಜಾರ್ಲೆ. ಕೊಕ್ಕಿನ್ ಕೆಳ್ಗಡೆ ಚೀಲ ನೋಡು ಕಣಮ್ಮ."

ಚೀಲ ನಿಜಕ್ಕೂ ಜೋತಾಡುತ್ತಿತ್ತು. ಪಟೇಲರು ಕಣ್ಣೆದುರು ಬಂದು ನಿಂತರು. ಖುಷಿಯಲ್ಲಿ ಅಜ್ಜಿಗೂ ಆ ಸಾಲು ಓದಿ ಹೇಳಿದೆ.

"ಆಮ್ಯಾಕೆ ಆ ಪಟೇಲ ಏನ್ ಮಾಡ್ದ?"

"ಇನ್ನೂ ಓದಿಲ್ಲ ಅಜ್ಜಿ."

"ಓದ್ದೆ ಇಲ್ಗಂಟ ಯಾಕ್ ಬಂದೆ? ಕೂತ್ಕೊ, ಓದು, ನಾನೂ ಕೇಳ್ತೀನಿ."

ಕೂತು ಓದಿದೆ. ಎರಡು ಅಧ್ಯಾಯ ಮುಗಿಯುವಷ್ಟರಲ್ಲಿ ಎರಡು ಬಸ್ಸು ಹೋಗಿದ್ದವು. ಮಿಕ್ಕಿದ್ದನ್ನು ನಾನೊಬ್ಬಳೇ ಮನೆಯಲ್ಲಿ ಓದಿಬಿಡಬಾರದೆಂದು ಅಜ್ಜಿ ಪುಸ್ತಕವನ್ನೇ ಒಳಗೆ ಎತ್ತಿಟ್ಟುಕೊಂಡಿದ್ದಾರೆ. ಅದು ಲೈಬ್ರರಿಯದು.