ಪುಸ್ತಕದಲ್ಲಿಲ್ಲದ ದಾಸಿ

ಮೊನ್ನೆ ಪೇಟೆಯ ಗ್ರಂಥಿಗೆ ಅಂಗಡಿಯಲ್ಲಿ ಮೊಮ್ಮಗುವಿಗೆಂದು ಬಜೆ ಕೊಳ್ಳುತ್ತಿದ್ದೆ. ಅಂಗಡಿಯವನು ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಆ ಘಾಟು ಮೂಗಿಗೆ ಬಡಿದು ನಮ್ಮ ಬಸದಿಯ ಪುಸ್ತಕದ ಕೋಣೆ ಕಣ್ಣೆದುರು ನಿಂತಿತು. ಹುಳ ಹಿಡಿಯದಿರಲೆಂದು ಬೀರುವಿನಲ್ಲಿ ಸಾಲುಸಾಲಿಗೂ ಬಜೆಯ ತುಂಡು ಇಡುತ್ತಿದ್ದವಳು ನಾನೇ. ಕೋಣೆಯ ಬೆನ್ನಿಗೇ ಅವಳೂ ನೆನಪಾದಳು. ಆಗದೆ ಇರುತ್ತಾಳೆಯೇ... ನನ್ನ ಯಾವ ಒಳ್ಳೆಯ ನೆನಪಿಗೂ ಅಡ್ಡ ಬರದೆ ಬಿಟ್ಟವಳಲ್ಲ ಅವಳು.

ಅವಳು ಎಂದರೆ ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಎದುರಿಗೆ ‘ಅಕ್ಕ’ ಎನ್ನುತ್ತಿದ್ದೆ, ಬಹುವಚನದಲ್ಲೇ ಮಾತಾಡುತ್ತಿದ್ದೆ. ಮನಸ್ಸಿನಲ್ಲಿ ಮಾತ್ರ ಅಂದಿಗೂ ಇಂದಿಗೂ ಏಕವಚನವೇ.

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಅರಸೀಕೆರೆಗೆ ಬಂದಾಗ ಅಲ್ಲಿ ನಮ್ಮ ಜೈನರ ಮನೆಗಳು ಹೆಚ್ಚಿರಲಿಲ್ಲ. ಬಹುಪಾಲು ಕೊಬ್ಬರಿ ವ್ಯಾಪಾರದವರು. ನಮ್ಮ ಬೀದಿಯ ಕೊನೆಗೆ ಒಂದು ಚಿಕ್ಕ ಬಸದಿ. ಅದರ ಉಸ್ತುವಾರಿ ಮಾವನವರದು. ಪಕ್ಕದ ಕೋಣೆಯ ಬೀರುಗಳಲ್ಲಿ ಪುರಾಣಗಳು, ವ್ರತದ ಕಥೆಗಳು, ಮಕ್ಕಳ ಪುಸ್ತಕಗಳು, ಕೆಂಪು ಬಟ್ಟೆಯಲ್ಲಿ ಸುತ್ತಿದ ಕೆಲವು ಓಲೆಗರಿ ಕಟ್ಟುಗಳು ಇದ್ದವು. ಬಿ.ಎ. ಓದಿದ ಸೊಸೆ ಎಂದು ಮಾವ ಅದರ ಬೀಗದ ಕೈ ನನಗೆ ಕೊಟ್ಟರು. ಆ ಮನೆಯಲ್ಲಿ ಅದೊಂದೇ ನನ್ನದು. ಉಳಿದದ್ದೆಲ್ಲ ಅವಳದು: ಅಡುಗೆಮನೆ ಅವಳದು, ಅತ್ತೆಯ ಗುಟ್ಟು ಅವಳದು, ಬಾಗಿಲಿಗೆ ಬರುವ ಹೂವಿನವಳು ಕೂಡ ಅವಳನ್ನೇ ಕೇಳಿಕೊಂಡು ಬರುವವಳು. ನನ್ನ ಗಂಡ ಅಂಗಡಿಯಿಂದ ಬಂದರೂ ಮೊದಲು ಕೂಗುತ್ತಿದ್ದದ್ದು ‘ಅತ್ತಿಗೆ, ಕಾಫಿ’ ಎಂದೇ.

ಹಾಗಾಗಿ ಪುಸ್ತಕದ ಕೋಣೆಯನ್ನು ನಾನು ಕಟ್ಟುನಿಟ್ಟಾಗಿ ನಡೆಸಿದೆ. ಕೈ ತೊಳೆದೇ ಪುಸ್ತಕ ಮುಟ್ಟಬೇಕು. ನೆಲದ ಮೇಲೆ ಇಡಕೂಡದು, ಪೀಠದ ಮೇಲೆ ಇಟ್ಟೇ ಓದಬೇಕು. ಬೆರಳಿಗೆ ಎಂಜಲು ಹಚ್ಚಿ ಹಾಳೆ ಮಗುಚಿದರಂತೂ ಮುಗಿಯಿತು, ಅವರಿಗೆ ಆ ತಿಂಗಳು ಪುಸ್ತಕವಿಲ್ಲ. ಜನ ಹೆದರುತ್ತಿದ್ದರು. ಹೆದರುವುದು ಗೌರವವೇ ಎಂದುಕೊಂಡಿದ್ದೆ.

ಚಾತುರ್ಮಾಸ್ಯದ ಮಳೆಗಾಲದಲ್ಲಿ ಮಧ್ಯಾಹ್ನ ಹೆಂಗಸರೆಲ್ಲ ಬಸದಿಯ ಜಗಲಿಯಲ್ಲಿ ಸೇರುತ್ತಿದ್ದರು. ಪುರಾಣ ಓದಿ ಹೇಳುವುದು ನನ್ನ ಕೆಲಸ. ಒಂದಕ್ಷರ ತಪ್ಪದೆ ಓದುತ್ತಿದ್ದೆ. ಅವರು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದರು. ಒಮ್ಮೆ ನನಗೆ ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಅತ್ತೆ ಅವಳನ್ನು ಕೂರಿಸಿದರು. ಅವಳು ಮಾದಿಹಳ್ಳಿಯ ಕಡೆಯವಳು, ಮಾತೆಲ್ಲ ಹಳ್ಳಿಯದು. ನನಗೆ ಒಳಗೊಳಗೇ ಖುಷಿ, ಎಡವುತ್ತಾಳೆ ಎಂದು.

ಕೂತವಳೇ ನಾಲಿಗೆಗೆ ಬೆರಳು ತಾಗಿಸಿ ಹಾಳೆ ಮಗುಚಿದಳು. ನಾನು ಸುತ್ತ ನೋಡಿದೆ. ಮಡಿ ಮಡಿ ಎನ್ನುವ, ಬಸದಿಯ ಪುರೋಹಿತರ ಹೆಂಡತಿಯೂ ಕಂಡರೂ ಕಾಣದವರಂತೆ ಕೂತಿದ್ದರು. ಅವಳು ಒಂದು ಸಾಲು ಓದಿದಳು, ಪುಸ್ತಕ ಮುಚ್ಚಿದಳು, ‘ಆಮ್ಯಾಕೆ ಏನಾತು ಅಂದ್ರೆ...’ ಎಂದು ಶುರು ಮಾಡಿದಳು. ಹೊತ್ತು ಮುಳುಗುವ ಮೊದಲು ಊಟ ಮುಗಿಸುವ ಮನೆಗಳು ನಮ್ಮವು. ನಾನು ಓದುವಾಗ ಬಿಸಿಲನ್ನೇ ನೋಡುತ್ತಾ ಸೆರಗು ಕೊಡವುತ್ತಿದ್ದವರು ಅಂದು ಅನ್ನಕ್ಕಿಡುವುದನ್ನೇ ಮರೆತರು.

ನನ್ನ ಗಂಟಲು ಸರಿಹೋಯಿತು. ಮತ್ತೆ ಓದು ಎಂದು ನನ್ನನ್ನು ಯಾರೂ ಕರೆಯಲಿಲ್ಲ.

ಅವಳು ಓದುವಾಗ ನಾನು ಕೋಣೆಯೊಳಗೆ ಹೋಗಿ ಬೀರುವಿನ ಬಾಗಿಲು ದಡಬಡ ಮಾಡುತ್ತಿದ್ದೆ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಡುವುದಿಲ್ಲ. ಹೊರಗೆ ನಗು ಕೇಳಿದರೆ ಸಿಟ್ಟು, ನಗು ನಿಂತರೆ ಇನ್ನೂ ಸಿಟ್ಟು, ಅಳಿಸುತ್ತಿದ್ದಾಳೆ ಎಂದು.

ಒಂದು ಭಾನುವಾರ ಪುರೋಹಿತರ ಹೆಂಡತಿ ಪುಸ್ತಕ ಕೇಳಲು ಬಂದರು. “ರಾಣಿ ಸನ್ಯಾಸಕ್ಕೆ ಹೊರಟಾಗ ದಾಸಿ ಹಿಂದೆ ಓಡ್ತಾಳಲ್ಲ, ಹೊಳೆ ತನಕ... ಆ ಪುಸ್ತಕ ಕೊಡಮ್ಮ” ಎಂದರು. ನಾನು ಬೀರುಗಳನ್ನೆಲ್ಲ ತಡಕಿದೆ. ಅವರ ಹಿಂದೆಯೇ ಇನ್ನಿಬ್ಬರು ಬಂದರು, ಅವರಿಗೂ ದಾಸಿಯ ಪುಸ್ತಕವೇ ಬೇಕು. ಕೊನೆಗೆ ಅವಳು ಓದುತ್ತಿದ್ದ ಪುರಾಣವನ್ನೇ ತೆರೆದು ನೋಡಿದೆ. ರಾಣಿ ಧರ್ಮೋಪದೇಶ ಕೇಳಿ ದೀಕ್ಷೆ ತೆಗೆದುಕೊಂಡಳು, ಅಷ್ಟೇ. ದಾಸಿಯ ಸುಳಿವೇ ಇಲ್ಲ.

ಸಿಕ್ಕಿಬಿದ್ದಳು ಎಂದುಕೊಂಡೆ. ಮಾರನೆಯ ಮಧ್ಯಾಹ್ನ ಎಲ್ಲರೂ ಕೂತಾಗ ಪುಸ್ತಕ ಹಿಡಿದು ಅವಳ ಮುಂದೆ ನಿಂತೆ.

“ಅಕ್ಕ, ದಾಸಿ ಎಲ್ಲಿದ್ದಾಳೆ ತೋರಿಸಿ. ಶಾಸ್ತ್ರಕ್ಕೆ ಇಲ್ಲದ್ದು ಸೇರಿಸಬಹುದಾ?”

ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. “ಪುಸ್ತಕದಾಗೆ ಇಲ್ಲ ಕಣೇ. ರಾಣಿ ಅಂದ್ಮೇಲೆ ದಾಸಿ ಇಲ್ದೆ ಇರ್ತಾಳಾ? ಆವಮ್ಮನ ಸೀರೆ ಒಗೀತಿದ್ದೋರು ಯಾರು ಮತ್ತೆ, ನೀನಾ?”

ಜಗಲಿಗೆ ಜಗಲಿಯೇ ನಕ್ಕಿತು. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. ನನ್ನ ಕೈಯಲ್ಲಿ ಪುಸ್ತಕ, ಅದರಲ್ಲಿ ಸತ್ಯ. ಆದರೂ ಸೋತವಳು ನಾನು.

ಮುಂದಿನ ವರ್ಷ ಜ್ಯೇಷ್ಠದಲ್ಲಿ ಶ್ರುತ ಪಂಚಮಿ ಬಂತು. ಅದು ನಮ್ಮಲ್ಲಿ ಪುಸ್ತಕಗಳ ಹಬ್ಬ. ಎಲ್ಲವನ್ನೂ ಹೊರತೆಗೆದು, ದೂಳು ಝಾಡಿಸಿ, ಹೊಸ ಬಟ್ಟೆ ಸುತ್ತಿ, ಒಂದು ಗ್ರಂಥವನ್ನು ತಲೆಯ ಮೇಲೆ ಹೊತ್ತು ಬೀದಿ ಸುತ್ತಿ ಬರುತ್ತಾರೆ. ವರ್ಷವಿಡೀ ನೋಡಿಕೊಂಡವಳು ನಾನು, ಕೆಂಪು ಬಟ್ಟೆಗೆ ಅಂಚು ಹೊಲಿದವಳು ನಾನು, ಹೊರುವವಳೂ ನಾನೇ ಎಂದು ಹೊಸ ಸೀರೆ ಉಟ್ಟು ಬಂದಿದ್ದೆ. ಮಾವ ಗಂಟಲು ಸರಿಮಾಡಿಕೊಂಡು, “ಈ ಸಲ ದೊಡ್ಡವಳು ಹೊರಲಮ್ಮ, ಹೆಂಗಸರೆಲ್ಲ ಆಸೆಪಡ್ತಿದ್ದಾರೆ” ಎಂದರು. ನನಗೆ ಆರತಿ ತಟ್ಟೆ ಕೊಟ್ಟರು.

ಅವಳ ಹಿಂದೆ ನಡೆದೆ. ನಾನು ಹೊಲಿದ ಅಂಚು ಅವಳ ಹಣೆಯ ಪಕ್ಕದಲ್ಲಿ ಅಲ್ಲಾಡುತ್ತಿತ್ತು. ಅರ್ಧ ಬೀದಿಗೆ ತಿರುಗಿ, “ಎಷ್ಟು ಭಾರ ಐತೆ ಕಣೇ, ಕುತ್ತಿಗೆ ನೋಯ್ತೈತೆ” ಎಂದಳು. ಆ ನೋವು ನನಗೆ ಬೇಕಾಗಿತ್ತು. ಅದನ್ನೂ ನನ್ನ ಹತ್ತಿರವೇ ದೂರಿಕೊಳ್ಳುತ್ತಿದ್ದಾಳಲ್ಲ ಎಂದು ತಟ್ಟೆಯನ್ನು ಎತ್ತಿ ಹಾಕಬೇಕೆನ್ನಿಸಿತು.

ಆಮೇಲೆ ಮನೆ ಪಾಲಾಯಿತು. ಭಾವ ಬೇಲೂರಿನಲ್ಲಿ ಅಂಗಡಿ ಇಟ್ಟು ಸಂಸಾರವನ್ನು ಅಲ್ಲಿಗೆ ಕರೆದೊಯ್ದರು. ಬಸ್ಸು ಹತ್ತುವಾಗ ಅವಳು ಅತ್ತಳು, ನಾನೂ ತೋರಿಕೆಗೆ ಅತ್ತೆ. ಕೆಲವು ವರ್ಷಗಳಲ್ಲಿ ಅವಳಿಗೆ ಕಾಮಾಲೆಯಾಯಿತು. ನೋಡಲು ಹೋದಾಗ ಮುಖವೆಲ್ಲ ಹಳದಿ. “ಪುಸ್ತಕ ಎಲ್ಲ ಚೆನ್ನಾಗವಾ?” ಎಂದು ಕೇಳಿದಳು. ಚೆನ್ನಾಗಿವೆ ಅಂದೆ. ಅಷ್ಟರಲ್ಲಿ ಬೇಲೂರಿನ ಹೆಂಗಸರು ಕೋಣೆ ತುಂಬ ಬಂದು ಅವಳ ಮಂಚ ಸುತ್ತಿಕೊಂಡರು. ಅಲ್ಲಿಯೂ ನನಗೆ ಕೂರಲು ಜಾಗ ಸಿಗಲಿಲ್ಲ. ಅವಳು ಹೋದ ಸುದ್ದಿ ಬಂದದ್ದು ಮುಂದಿನ ವಾರ...

ಈಗ ಗ್ರಂಥ ಹೊರುವವಳು ನಾನೇ. ಚಾತುರ್ಮಾಸ್ಯದಲ್ಲಿ ಓದುವವಳೂ ನಾನೇ. ಅಡ್ಡ ಬರುವವರು ಯಾರೂ ಇಲ್ಲ. ಕಳೆದ ಮಳೆಗಾಲದಲ್ಲಿ ಓದು ಮುಗಿಸಿ ಏಳುವಾಗ ಪುರೋಹಿತರ ಹೆಂಡತಿ ನನ್ನ ಕೈ ಹಿಡಿದರು. ಅವರಿಗೆ ವಯಸ್ಸಾಗಿದೆ, ಕಣ್ಣು ಮಂಜಾಗಿದೆ.

“ಆ ದಾಸಿ ಕಥೆ ಹೇಳಮ್ಮ. ಹೊಳೆ ದಾಟಿದ್ಲೋ ಇಲ್ವೋ, ನಂಗೆ ಮರ್ತೇ ಹೋಗೈತೆ.”

ಪುಸ್ತಕದಲ್ಲಿ ಇಲ್ಲ ಎನ್ನಲಿಲ್ಲ. ಕೂತು ಶುರು ಮಾಡಿದೆ. ಗೋಡೆಯಾಚೆಯಿಂದ ಕಿವಿಗೆ ಬಿದ್ದಷ್ಟನ್ನೂ ಹೇಳಿದೆ. ದಾಸಿ ಹೊಳೆಯ ದಡಕ್ಕೆ ಬಂದಳು. ಮುಂದೆ ನನಗೆ ಗೊತ್ತಿರಲಿಲ್ಲ. ಅದನ್ನು ಅವಳು ಹೇಳಿದ ದಿನ ನಾನು ಬೀರುವಿನ ಬಾಗಿಲು ಬಡಿಯುತ್ತಿದ್ದೆ. ಉಳಿದವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು.

“ನಿಮ್ಮಕ್ಕ ಇದ್ದಿದ್ರೆ ಹೇಳೋಳು” ಎಂದರು ಪುರೋಹಿತರ ಹೆಂಡತಿ.

ಹೇಳುತ್ತಿದ್ದಳು. ಎಲ್ಲರನ್ನೂ ನಗಿಸಿ, ನನ್ನ ಹೊಟ್ಟೆ ಉರಿಸಿಯೇ ಹೇಳುತ್ತಿದ್ದಳು. ಉರಿದರೆ ಉರಿಯಲಿ, ಒಂದೇ ಒಂದು ಸಲ ಬಂದು ಹೇಳಿ ಹೋಗಬಾರದೇ ಎಂದು ನನಗೆ ಅಲ್ಲೇ, ಅಷ್ಟು ಜನರ ಮುಂದೆ, ಅಳು ಬಂದುಬಿಟ್ಟಿತು.