ಊಟದ ಡಬ್ಬಿಯಲ್ಲಿ ಏಳು ಪಾಸ್‌ವರ್ಡು

ನಾನು ಈ ವಿಭಾಗಕ್ಕೆ ವರ್ಗವಾಗಿ ಬಂದ ವಾರ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹೆಂಗಸೊಬ್ಬರು ಕೋಣೆಗೆ ಬಂದು, "ಸಾರ್, ನಿಮ್ಮ ಪಾಸ್‌ವರ್ಡ್ ಹೇಳಿ" ಎಂದರು. ಹಳೆಯ ನೋಟ್ಸನ್ನೇ ಹದಿನೈದು ವರ್ಷ ಓದಿಸುತ್ತ ಬಂದವನು ನಾನು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ತಪಾಸಣಾಧಿಕಾರಿಯೇ ಇರಬೇಕೆಂದು ಎದ್ದು ನಿಂತು ಒಪ್ಪಿಸಿಬಿಟ್ಟೆ. ಅವರು ನಮ್ಮ ಅಟೆಂಡರ್, ಎಲ್ಲರ ಬಾಯಲ್ಲಿ ಝೆರಾಕ್ಸ್ ಅಕ್ಕ, ಎಂದು ಮಧ್ಯಾಹ್ನ ತಿಳಿಯಿತು.

ಪಾಠಗಳನ್ನೆಲ್ಲ ಆನ್‌ಲೈನ್ ಕಲಿಕಾ ತಾಣಕ್ಕೆ ಏರಿಸಬೇಕೆಂದು ವಿಶ್ವವಿದ್ಯಾಲಯದ ಆದೇಶವಿತ್ತು. ಏಳು ಜನ ಅಧ್ಯಾಪಕರೂ ಅದನ್ನು ಗಂಭೀರವಾಗಿ ಓದಿ, ಸಹಿ ಹಾಕಿ, ಅಕ್ಕನ ಮೇಜಿನ ಮೇಲಿಟ್ಟಿದ್ದೆವು. ಏಳೂ ಪಾಸ್‌ವರ್ಡು ಅವರ ಊಟದ ಡಬ್ಬಿಯ ಮುಚ್ಚಳಕ್ಕೆ ಅಂಟಿಸಿದ ಚೀಟಿಯಲ್ಲಿದ್ದವು. ದಿನಾ ಒಂಬತ್ತಕ್ಕೆ ಅಕ್ಕ ಕಂಪ್ಯೂಟರಿನ ಮುಂದೆ ಕೂತು, ಸರದಿಯ ಮೇಲೆ ನಾವೆಲ್ಲರೂ ಆಗುತ್ತಿದ್ದರು.

"ಸಾರ್, ನಿಮ್ಮ ನೋಟ್ಸಲ್ಲಿ ಹದಿನಾಲ್ಕನೇ ಪುಟ ಇಲ್ಲ."

"ಈಚೆಗೆ ಕಳೆದಿರಬೇಕು ಅಕ್ಕಾ."

"ನೀವು ಬಂದ ವಾರ ತೆಗೆದ ಝೆರಾಕ್ಸಲ್ಲೂ ಇರ್ಲಿಲ್ಲ. ಹುಡುಗರು ಕೇಳ್ಲೂ ಇಲ್ಲ ಬಿಡಿ."

ವರ್ಷದ ಕೊನೆಗೆ ಆನ್‌ಲೈನ್ ಪಾಠಗಳ ಕೆಲಸದಲ್ಲಿ ನಮ್ಮ ವಿಭಾಗಕ್ಕೆ ನೂರಕ್ಕೆ ನೂರು ಬಂತು. ವಿಭಾಗದ ಮುಖ್ಯಸ್ಥರು ತಮ್ಮ ದೂರದೃಷ್ಟಿಯ ಬಗ್ಗೆ ಅರ್ಧ ಗಂಟೆ ಭಾಷಣ ಓದಿದರು. ಟೈಪು ಮಾಡಿಕೊಟ್ಟವರು ಅಕ್ಕನೇ. ಮರುವಾರ ಇನ್ನೊಂದು ಆದೇಶ: ಎಲ್ಲವೂ ಆನ್‌ಲೈನ್ ಆಗಿರುವುದರಿಂದ ಝೆರಾಕ್ಸ್ ಕೋಣೆಯೂ ಬೇಡ, ಅಟೆಂಡರ್ ಹುದ್ದೆಯೂ ಬೇಡ.

ಅಕ್ಕನ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ನಿಜ ಹೇಳಿದರೆ ನಮ್ಮ ಮಾನ ಹೋಗುತ್ತದೆ, ಹೇಳದಿದ್ದರೆ ಅವರ ಕೆಲಸ. ನಾವು ವಿದ್ವಾಂಸರಿಗೆ ತಕ್ಕಂತೆ ತೆಪ್ಪಗಿದ್ದೆವು. ಅಕ್ಕ ಚೀಟಿಯನ್ನು ಏಳು ತುಂಡು ಮಾಡಿ, ಅವರವರ ಪಾಸ್‌ವರ್ಡ್ ಅವರವರ ಕೈಗಿಟ್ಟು, ರಜೆ ಹಾಕಿ ಮನೆಗೆ ಹೋದರು.

ಮೊದಲ ದಿನವೇ ಮುಖ್ಯಸ್ಥರು ಮೂರು ಸಲ ತಪ್ಪು ಒತ್ತಿ ತಾಣದ ಹೊರಗುಳಿದರು. ಎರಡನೇ ದಿನ ನಾನು ಕಿರುಪರೀಕ್ಷೆಯ ಪ್ರಶ್ನೆಗಳನ್ನು ಉತ್ತರ ಸಮೇತ ಏರಿಸಿದೆ. ಇಡೀ ತರಗತಿಗೆ ಪೂರ್ತಿ ಅಂಕ ಬಂದಾಗ, ಕೊನೆಗೂ ನನ್ನ ಪಾಠ ನಾಟಿತೆಂದು ಹಿಗ್ಗಿದೆ ಕೂಡ. ನಾಲ್ಕನೇ ದಿನ ಕುಲಸಚಿವರೇ ವಿಚಾರಣೆಗೆ ಬಂದರು. ಎಲ್ಲ ಬಯಲಾಯಿತು. ಅಕ್ಕನನ್ನು ಕರೆಸಿ, ಎದುರಿಗೇ ಆದೇಶ ರದ್ದು ಮಾಡಿದರು.

"ಹುದ್ದೆ ಇರುತ್ತಮ್ಮ. ಆದ್ರೂ ಒಂದು ಮಾತು. ಇಷ್ಟು ದಿನದಲ್ಲಿ ಇವರಿಗೇ ಈ ಕಂಪ್ಯೂಟರ್ ಕೆಲಸಾನ ಕಲಿಸಿಬಿಡಬಹುದಿತ್ತಲ್ವಾ?"

ಅಕ್ಕ ಕನ್ನಡಕ ಏರಿಸಿ, ಸಾಲಾಗಿ ನಿಂತ ನಮ್ಮನ್ನು ಒಮ್ಮೆ ನೋಡಿದರು.

"ಕಲಿಸಿದೆ ಸಾರ್. ಒಬ್ಬರಿಗೂ ಹಾಜರಾತಿ ಸಾಲ್ಲಿಲ್ಲ."