ಅಲಮೇಲುವಿನ ಮಡಿ ಕಂಪ್ಯೂಟರ್

ಅಲಮೇಲು ಮನೆಯಲ್ಲಿ ಮಡಿ ಬಿಟ್ಟು ಮೂವತ್ತು ವರ್ಷವಾಯಿತು. ಅತ್ತೆ ತೀರಿಕೊಂಡ ವರ್ಷವೇ ಅಡುಗೆಮನೆಗೆ ಈರುಳ್ಳಿ ಬಂತು, ಅದರ ಹಿಂದೆಯೇ ಬೆಳ್ಳುಳ್ಳಿಯೂ ಬಂತು. ಬಿಟ್ಟ ಮಡಿಯನ್ನೆಲ್ಲ ಹೆಂಡತಿ ಆಫೀಸಿನ ಕಂಪ್ಯೂಟರಿನ ಮೇಲೆ ಹೇರಿದ್ದಾಳೆ ಎಂದು ಗಂಡ ತಮಾಷೆ ಮಾಡುವುದುಂಟು. ಮಾತು ಸುಳ್ಳಲ್ಲ.

ಆಫೀಸೆಂದರೆ ಆರ್.ಟಿ. ನಗರದ ಹಳೇ ಮನೆಯೊಂದರ ಮಹಡಿ. ಅಂಧ ಮಕ್ಕಳ ಪಠ್ಯಗಳನ್ನು ಕನ್ನಡ ಬ್ರೈಲ್‌ನಲ್ಲಿ ಅಚ್ಚು ಹಾಕಿಕೊಡುವ ಚಿಕ್ಕ ಟ್ರಸ್ಟು. ಅಲ್ಲಿರುವುದು ವಿಂಡೋಸ್ 98 ಕಾಲದ, ಬಿಳುಪು ಹೋಗಿ ಹಳದಿಯಾದ ಡಬ್ಬ. ಕನ್ನಡ ಅಕ್ಷರವನ್ನು ಚುಕ್ಕಿಯಾಗಿ ಮಾಡುವ ಪ್ರೋಗ್ರಾಮನ್ನು ಯಾರೋ ಪುಣ್ಯಾತ್ಮರು ಅದಕ್ಕೆಂದೇ ಬರೆದುಕೊಟ್ಟಿದ್ದರು. ಹೊಸ ಕಂಪ್ಯೂಟರಿನಲ್ಲಿ ಅದು ಜಪ್ಪಯ್ಯ ಅಂದರೂ ಏಳುವುದಿಲ್ಲ. ಕಾಗದಕ್ಕೆ ಚುಕ್ಕಿ ಕುಟ್ಟುವ ಪ್ರಿಂಟರೂ ಈ ಡಬ್ಬದ ಮಾತು ಬಿಟ್ಟು ಇನ್ಯಾರ ಮಾತೂ ಕೇಳದು.

ಇಂಥ ಯಂತ್ರಕ್ಕೆ ಈಗಿನ ವೈರಸ್ಸುಗಳನ್ನು ತಡೆಯುವ ತ್ರಾಣವಿಲ್ಲ, ಇಂಟರ್ನೆಟ್ ತೋರಿಸಿದರೆ ಮುಗಿಯಿತು ಎಂದು ರಿಪೇರಿಯ ನಿರಂಜನ್ ಎಚ್ಚರಿಸಿದ್ದ. ಅಂದೇ ಅಲಮೇಲು ಕಟ್ಟಳೆ ಹಾಕಿದಳು. ಶಾಲೆಗಳು ಕಳಿಸಿದ ಪಾಠ ಪಕ್ಕದ ಹೊಸ ಕಂಪ್ಯೂಟರಿಗೆ ಬರಬೇಕು, ಅಲ್ಲಿ ಸಿ.ಡಿ.ಗೆ ಇಳಿಯಬೇಕು, ಆ ಸಿ.ಡಿ.ಯನ್ನು ಅವಳೇ ನಾಲ್ಕು ಹೆಜ್ಜೆ ಹೊತ್ತು ಹಳೆಯದಕ್ಕೆ ಉಣಿಸಬೇಕು. ಬೇರೆ ಯಾರೂ ಮುಟ್ಟಕೂಡದು. ಒಮ್ಮೆ ಸೆಕ್ರೆಟರಿ ತ್ರಿವಿಕ್ರಮ ಅವರು, ಬ್ಯಾಂಕಿನಿಂದ ರಿಟೈರಾಗಿ ಬಂದ ಸಾಧು ಮನುಷ್ಯ, ಪೆನ್‌ಡ್ರೈವ್ ಹಿಡಿದು ಹತ್ತಿರ ಹೋದಾಗ ಅವಳು ಗದರಿದ ರಭಸಕ್ಕೆ ಅವರ ಕಾಫಿ ಚೆಲ್ಲಿತ್ತು.

"ಒಂದ್ ವೈರ್ ಎಳೆದ್ರೆ ಮುಗೀತಲ್ರೀ, ಈ ಓಡಾಟ ಯಾಕೆ?" ಎಂದು ಅವರು ಆಗಾಗ ಕೇಳುವರು.

"ನಾನಿರೋ ತನಕ ಆಗಲ್ಲ ಸಾರ್."

ಅವಳ ಹಟಕ್ಕೆ ಕಾರಣವಿತ್ತು. ಆ ಡಬ್ಬದಲ್ಲಿ ನೂರ ಹನ್ನೆರಡು ಪುಸ್ತಕಗಳಿದ್ದವು. ಪ್ರತಿ ಪುಟವನ್ನೂ ಹೆಬ್ಬಾಳದಿಂದ ಬರುವ ಫಖ್ರುನ್ನೀಸಾ ಬೆರಳಲ್ಲಿ ಓದಿ ತಪ್ಪು ಹೇಳಿದ್ದಳು, ಅಲಮೇಲು ತಿದ್ದಿದ್ದಳು. ಹುಟ್ಟಿನಿಂದ ಕಣ್ಣು ಕಾಣದ ಫಖ್ರು ಒಂದು ಚುಕ್ಕಿ ಹೆಚ್ಚಾದರೂ ಬಿಡುವವಳಲ್ಲ. ಇಬ್ಬರ ಹನ್ನೆರಡು ವರ್ಷದ ಬದುಕು ಅದರೊಳಗಿತ್ತು.

ಈ ಸಲದ ಆಯುಧಪೂಜೆಗೆ ಎಂದಿನಂತೆ ಎಲ್ಲ ವೈರು ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಕುಂಕುಮವಿಟ್ಟು, ಚೆಂಡುಹೂ ಮುಡಿಸಿದರು. ಹಬ್ಬದ ರಜೆ ಮುಗಿದು ನಾಲ್ಕನೇ ದಿನ ತ್ರಿವಿಕ್ರಮ ಅವರು ಕೊರಿಯರ್ ರಸೀದಿಯೆಂದು ಮೇಲ್‌ನಲ್ಲಿ ಬಂದದ್ದನ್ನು ತೆರೆದರು. ಹೊಸ ಕಂಪ್ಯೂಟರಿನ ಕಡತಗಳೆಲ್ಲ ಬೀಗ ಬಿದ್ದು ಕೂತವು. ಹಳೆಯದರ ಮುಂದಿದ್ದ ಅಲಮೇಲು ಏಳನೇ ತರಗತಿಯ ಪುಸ್ತಕ ತೆರೆಯಲು ಹೋದಳು. ತೆರೆಯಲಿಲ್ಲ. ಇನ್ನೊಂದು, ಮತ್ತೊಂದು. ಯಾವುದೂ ತೆರೆಯಲಿಲ್ಲ.

ನಿರಂಜನ್ ಬಂದು ಹಳೆಯದರ ಹಿಂದೆ ಬಗ್ಗಿ ನೋಡಿದ. "ಅಲ್ಲಿಗೆ ಬಂದಿದ್ದು ಈ ನೆಟ್ ವೈರಲ್ಲಿ ಇಲ್ಲಿಗೂ ದಾಟಿದೆ. ಇದನ್ನ ಯಾರ್ ಚುಚ್ಚಿದ್ದು?"

ಎಲ್ಲರ ಕಣ್ಣೂ ತ್ರಿವಿಕ್ರಮ ಅವರ ಕಡೆ ತಿರುಗಿತು. ಪಾಪ, ಅವರು ಬೆವತುಹೋದರು. "ಚುಚ್ಚಿದ್ದು ನೆನಪಿಲ್ಲ. ನಾನೇ ಇರ್ಬೇಕು ಬಿಡಿ, ಅದೇ ಜಪ ಮಾಡ್ತಿದ್ನಲ್ಲ," ಎಂದರು. ಸಂಜೆಯೊಳಗೆ ಅವರ ಬಾಯಲ್ಲಿ ರಾಜೀನಾಮೆಯ ಮಾತೂ ಬಂತು.

ಅಲಮೇಲುವಿಗೆ ನೆನಪಿತ್ತು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಇನ್ನೊಂದರಲ್ಲಿ ಹೆಚ್ಚಿಗಿದ್ದು ಜೋತಾಡುತ್ತಿದ್ದ ನೀಲಿ ನೆಟ್ ವೈರು. ಪೂಜೆಯ ಹೊತ್ತಿಗೆ ಯಾವುದೂ ಅಡ್ಡಾದಿಡ್ಡಿ ಇರಬಾರದೆಂದು, ಹಳೇ ಡಬ್ಬದ ಹಿಂದೆ ಖಾಲಿ ಕಂಡ ತೂತಿಗೆ ತಾನೇ ಚುಚ್ಚಿದ್ದಳು. ಚುಚ್ಚಿ ಅದರ ಮೇಲೊಂದು ಹೂವನ್ನೂ ಇಟ್ಟಿದ್ದಳು! ಈಗ ಬಾಯಿ ಬಿಟ್ಟರೆ ಇಷ್ಟು ವರ್ಷದ ಗದರಿಕೆಗೆಲ್ಲ ಏನು ಬೆಲೆ? ಎರಡು ದಿನ ಸುಮ್ಮನಿದ್ದಳು.

ಮೂರನೇ ದಿನ ತ್ರಿವಿಕ್ರಮ ಅವರು ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದುದನ್ನು ಕಂಡಳು. ಕನ್ನಡಕದ ಡಬ್ಬಿ, ಮಾತ್ರೆ, ಒಂದು ಪುಟ್ಟ ಪಂಚಾಂಗ. ತಡೆಯಲಾಗಲಿಲ್ಲ.

"ಸಾರ್, ಅದನ್ನೆಲ್ಲ ಒಳಗಿಡಿ. ವೈರ್ ಚುಚ್ಚಿದ್ದು ನಾನು. ಮೊನ್ನೇನೇ ಗೊತ್ತಿತ್ತು, ಹೇಳಕ್ಕೆ ಧೈರ್ಯ ಬರ್ಲಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅಳು ಬಂತು.

ಅವರು ಕುರ್ಚಿ ಎಳೆದು ಅವಳನ್ನು ಕೂರಿಸಿದರು. ಮಾತಾಡಿದ್ದು ಮೂಲೆಯಲ್ಲಿದ್ದ ಫಖ್ರು. "ನನಗೆ ಗೊತ್ತಿತ್ತು ಮೇಡಂ."

"ಏನು ಗೊತ್ತಿತ್ತು?"

"ವೈರ್ ಇರೋದು. ರಜ ಮುಗಿಸಿ ಬಂದ ದಿನ ಹಾಳೆ ಹಿಂದೆ ಬಿತ್ತು, ಎತ್ತೋವಾಗ ಕೈಗೆ ಸಿಕ್ತು. ಅಲ್ಲಿ ಮುಂಚೆ ಏನೂ ಇರ್ತಿರ್ಲಿಲ್ಲ."

"ಹೇಳ್ಬಾರ್ದಿತ್ತೇನೇ ಫಖ್ರು?"

"ಮುಟ್ಟಿದ್ದು ಗೊತ್ತಾದ್ರೆ ಬೈತೀರಿ ಅಂತ ಸುಮ್ನಾದೆ."

ಅಲಮೇಲುವಿಗೆ ಕೆನ್ನೆಗೆ ಹೊಡೆದಂತಾಯಿತು. ವೈರಸ್ಸು ಬಂದದ್ದು ವೈರಿನಿಂದಲೇ ಇರಬಹುದು. ತಡೆಯಬಲ್ಲವಳ ಬಾಯಿ ಕಟ್ಟಿದ್ದು ಮಾತ್ರ ತನ್ನ ಗದರಿಕೆ.

ತಿದ್ದಿದ ಪುಸ್ತಕಗಳು ಹೋದವು. ತಿದ್ದುವ ಮೊದಲಿನ ಪಾಠಗಳು ಸಿ.ಡಿ.ಗಳಲ್ಲಿ ಉಳಿದಿದ್ದವು, ಅಚ್ಚಾದ ಒಂದೊಂದು ಪ್ರತಿ ಕಪಾಟಿನಲ್ಲಿತ್ತು. ನಿರಂಜನ್ ಹಳೇ ಡಬ್ಬವನ್ನು ತೊಳೆದಂತೆ ಖಾಲಿ ಮಾಡಿ, ಮತ್ತೆ ಎಬ್ಬಿಸಿದ. ನೆಟ್ಟಿಗೂ ಅದಕ್ಕೂ ನಡುವೆ ಒಂದು ಪುಟ್ಟ ಪೆಟ್ಟಿಗೆ ಕೂರಿಸಿದ. ತಪಾಸಣೆಯಾದ ಪಾಠವನ್ನಷ್ಟೇ ಅದು ಒಳಗೆ ಬಿಡುತ್ತದೆ, ಮಿಕ್ಕದ್ದಕ್ಕೆಲ್ಲ ಬಾಗಿಲು ಮುಚ್ಚಿರುತ್ತದೆ. ತ್ರಿವಿಕ್ರಮ ಅವರು ವಾರಕ್ಕೊಮ್ಮೆ ಪ್ರತಿ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ಫಖ್ರು ಕಪಾಟಿನ ಪುಸ್ತಕ ಬೆರಳಲ್ಲಿ ಓದುತ್ತಾಳೆ, ಅಲಮೇಲು ಮೊದಲಿನಿಂದ ತಿದ್ದುತ್ತಾಳೆ. ಇನ್ನೂ ಹದಿಮೂರನೆಯದರಲ್ಲಿದ್ದಾರೆ.

ಕೆಲಸ ಮತ್ತೆ ಶುರುವಾದ ದಿನ ಅಲಮೇಲು ಫಖ್ರುವಿನ ಕೈ ಹಿಡಿದು ಯಂತ್ರದ ಹಿಂದಕ್ಕೆ ಕರೆದೊಯ್ದಳು, ಬೆರಳುಗಳನ್ನು ಒಂದೊಂದೇ ವೈರಿನ ಮೇಲೆ ಇರಿಸಿದಳು.

"ಇದು ಕರೆಂಟ್‌ದು. ಇದು ಪ್ರಿಂಟರ್‌ದು. ಇದು ನಿರಂಜನ್ ಪೆಟ್ಟಿಗೇದು. ದಿನಾ ಬಂದ ತಕ್ಷಣ ಮುಟ್ಟಿ ನೋಡು. ಬೇರೆ ಏನಾದ್ರೂ ಸಿಕ್ರೆ ಕೂಗು. ನನ್ ಮೇಲೇ ಕೂಗು."